ಗಂಜಿ ಹಾಕಿದ ರುಮಾಲು

ಸದಾಶಿವನಗರ, ತುಮಕೂರು
18-2-1998

ಪ್ರೀತಿಯ ದಾಕ್ಷಾಯಣಿ,

ಮೊಣಕಾಲು ನೋವು ಹೇಗಿದೆ? ಬಾಣಂತಿ, ಮಗು ಚೆನ್ನಾಗಿದ್ದಾರೆ ತಾನೇ? ಗುಬ್ಬಿಗೆ ಫೋನ್ ಮಾಡಿದಾಗಲೆಲ್ಲ ಬಾಣಂತಿ ಅನುಪಮಾನೇ ಎತ್ತಿಕೊಂಡು, ‘ಅಮ್ಮ ಮಗೂಗೆ ಸ್ನಾನ ಮಾಡಿಸ್ತಿದಾರಪ್ಪ’ ಅನ್ನುತ್ತಾಳೆ. ಬೆಳಗ್ಗೆ ಅದೇ, ಮಧ್ಯಾಹ್ನ ಅದೇ, ಸಂಜೆಯೂ ಅದೇ. ಪಾಪ, ನನ್ನ ಮೊಮ್ಮಗ ನೀರಲ್ಲೇ ನೆನೆದು ಹೋಗಿರಬೇಕು! ಅದಕ್ಕೇ ಈ ಕಾಗದ. ನಾನು ಆರಾಮಾಗಿದ್ದೇನೆ. ಅಡುಗೆಯೂ ಪರವಾಗಿಲ್ಲ, ಉಪ್ಪಿಟ್ಟು ಮಾತ್ರ ದಿನಾ ಗಟ್ಟಿಯಾಗುತ್ತಿದೆ.

ರುಮಾಲಿನ ಮಾತು ಎತ್ತಬಾರದು ಅಂದುಕೊಂಡಿದ್ದೆ, ಆದರೆ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಶಿರಾ ಗೇಟಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು, ಮಹಾರಾಜರ ಕುದುರೆ ಪಡೆಯವನೊಬ್ಬ ಪೆರೇಡಿಗೆ ಇಟ್ಟುಕೊಳ್ಳುತ್ತಿದ್ದದ್ದು, ಎಂಬತ್ತು ವರ್ಷದಿಂದ ಕಟ್ಟಿದ ಹಾಗೇ ಇದ್ದದ್ದು. ಬೀರು ತುಂಬ ಆ ಕಾಲದ ಬೆಂಡಿನ ಹ್ಯಾಟು, ತುರಾಯಿ ಟೋಪಿ ಎಷ್ಟಿದ್ದರೂ ನನಗೆ ಅದೇ ಕಿರೀಟ. ನೀನು ‘ಕೂಸು ಬರೋ ಮನೇಲಿ ಈ ಧೂಳು ಯಾಕೆ’ ಅಂತ ಬಿಚ್ಚಿ, ಅಂಟುವಾಳದ ನೊರೆಯಲ್ಲಿ ಒಗೆದು, ಅನ್ನದ ಗಂಜಿ ಹಾಕಿ ತಂತಿಯ ಮೇಲೆ ಹರವಿದ್ದು ನೋಡಿ ಜೀವ ಬಾಯಿಗೆ ಬಂತು. ಬಾಣಂತನದ ಮಾತಾಡಲು ಬಂದಿದ್ದ ಅಳಿಯ ಬಸವರಾಜನ ಎದುರಿಗೇ ‘ಬುದ್ಧಿ ಇಲ್ದೋಳು, ಚರಿತ್ರೇನೇ ಒಗೆದು ಹಾಕಿದ್ಲು’ ಅಂತ ಕೂಗಾಡಿದೆ. ನೀನು ‘ಈ ಟೋಪಿ ಗೋಡೌನಲ್ಲಿ ಬಾಣಂತನ ಬೇಡ’ ಅಂದವಳೇ ಅವನ ಜೊತೆ ಗುಬ್ಬಿ ಬಸ್ ಹತ್ತಿದೆ.

ಒಂದು ತಿಂಗಳು ಆ ಬಟ್ಟೆ ಹಿಡಿದುಕೊಂಡು ಒದ್ದಾಡಿದೆ. ನಾನು ಕಟ್ಟಿದರೆ ಮದುವೆ ಗಂಡಿನ ಪೇಟ ಆಗುತ್ತದೆ, ಇಲ್ಲವೇ ತಲೆನೋವಿಗೆ ಸುತ್ತಿದ ಟವಲ್ಲು. ಮೊನ್ನೆ ವಿಚಾರಿಸಿಕೊಂಡು ಕುಣಿಗಲ್ಲಿಗೆ ಹೋದೆ. ಅಲ್ಲಿ ಗಂಗಲಕ್ಷ್ಮಮ್ಮ ಅಂತ, ಎಂಬತ್ತು ದಾಟಿದ ಅಜ್ಜಿ. ಅವರಪ್ಪ ಅದೇ ಪಡೆಯಲ್ಲಿ ಸವಾರನಾಗಿದ್ದವರು. ಬಟ್ಟೆ ಮುಟ್ಟಿ ನೋಡಿ, ನನ್ನ ಕಥೆ ಕೇಳಿ, ಜಗಲಿ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ‘ಎಂಬತ್ತು ವರ್ಸ ಬಿಚ್ಚದೆ ಮಡಗಿದ್ರಾ? ಥೂ! ನಮ್ಮಪ್ಪ ದೊಡ್ಡ ಪೆರೇಡ್ ಬಂತು ಅಂದ್ರೆ ಬಿಚ್ಚಿ, ಒಗ್ಸಿ, ಗಂಜಿ ಹಾಕ್ಸಿ ಹೊಸ್ದಾಗಿ ಕಟ್ತಿದ್ರು. ಗಂಜಿ ಇಲ್ದಿದ್ರೆ ಮಡಿಕೆ ನಿಲ್ಲಾಕಿಲ್ಲ ಕಣಪ್ಪ. ಇದ್ಕೆ ಗಂಜಿ ಹಾಕಿದ ತಾಯಿ ಯಾರು? ಹದ ಗೊತ್ತೈತೆ ಅವ್ರಿಗೆ.’ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿ ಅರಚಿದ ನಾನು ‘ನನ್ನ ಹೆಂಡತಿ’ ಅಂತ ಮೆಲ್ಲಗೆ ಹೇಳಿದೆ. ಒಂದು ತುದಿ ನನ್ನ ಕೈಗೆ ಕೊಟ್ಟು, ‘ಸಡ್ಲ ಬಿಡ್ಬ್ಯಾಡಿ’ ಅಂತ ಗದರುತ್ತ ಇನ್ನೊಂದು ತುದಿಯಿಂದ ಸುತ್ತುತ್ತ ಬಂದರು. ಅವರಪ್ಪ ಕಟ್ಟುವಾಗ ಹಾಗೆ ಹಿಡಿದು ನಿಲ್ಲುತ್ತಿದ್ದವರು ಅವರಮ್ಮನಂತೆ. ನೋಡಿ ನೋಡಿ ಇವರಿಗೆ ಕೈಗೆ ಬಂದಿದೆ. ಹತ್ತು ನಿಮಿಷಕ್ಕೆ, ರುಮಾಲು ಕೂರಿಸಲು ನಾನು ಒಯ್ದಿದ್ದ ಮರದ ಬುರುಡೆಯ ಮೇಲೆ ಅದು ಎದ್ದು ನಿಂತಿತು. ಮೊದಲಿಗಿಂತ ಚೆನ್ನಾಗಿದೆ ಕಣೇ, ಆಣೆಗೂ! ಖುಷಿಗೆ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ತೋರಿಸಿಕೊಂಡು ಬಂದೆ.

ಬಾಣಂತಿಗೂ ಕೂಸಿಗೂ ನನ್ನ ಆಶೀರ್ವಾದ. ನಿನ್ನ ಮಂಡಿಗೆ ಎಣ್ಣೆ ತಿಕ್ಕುವುದನ್ನು ಮರೆಯಬೇಡ.

ನಿನ್ನವನೇ ಆದ
ಗುರುಸಿದ್ದಯ್ಯ

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ. ಭಾನುವಾರ ಹತ್ತು ಗಂಟೆ ಬಸ್ಸಿಗೆ ಗುಬ್ಬಿಗೆ ಬರುತ್ತೇನೆ. ಬಸವರಾಜನಿಗೆ ಎಲ್ಲೂ ಹೋಗದೆ ಮನೆಯಲ್ಲೇ ಇರಲು ಹೇಳು. ನಿನ್ನನ್ನು ಬೈದದ್ದು ಅವನ ಎದುರಿಗೆ. ತಪ್ಪಾಯ್ತು ಅನ್ನುವುದನ್ನೂ ಅವನು ಕೇಳಿಸಿಕೊಳ್ಳಬೇಕು.