ವಾರಿಜಾ "ಓ" ಅನ್ನೋವರೆಗೂ

...ಅದಕ್ಕೇ ಆಂಟೆನಾ ಹೊರಗಿರಬೇಕು ಅಂತ. ಅಯ್ಯೋ, ಕ್ಷಮಿಸಿ, ಮತ್ತೆ ಮಧ್ಯದಿಂದ ಹಿಡ್ಕೊಂಡೆ. ಮೊದಲಿಂದ ಹೇಳ್ತೀನಿ. ಇದು ಎರಡು ಸಾವಿರದ ನೂರ ತೊಂಬತ್ತನೇ ಇಸವಿ, ಮಾಘ ಮಾಸ. ನಾನು ಪಾಲಾಕ್ಷ, ಹಿರಿಯೂರು ಬಯಲಿನೋನು. ನಿಮ್ಮ ಕಾಲದಲ್ಲಿ ಶೆಡ್ಡಲ್ಲಿ ಕೂತು ಸ್ವಂತ ಕೈಯಿಂದ ವಿಮಾನ ಕಟ್ಟೋರಿದೀರಲ್ಲ, ನಿಮಗೇ ಈ ಮಾತು. ನನ್ನ ಪದಗಳು ವಿಚಿತ್ರ ಅನ್ನಿಸಿದ್ರೆ ಸಹಿಸ್ಕೊಳ್ಳಿ.

ಮನೇಲೇ ಕಟ್ಟಿದ ವಿಮಾನಕ್ಕೆ ನಾವು ಮನೆರೆಕ್ಕೆ ಅಂತೀವಿ. ನಿಮ್ಮ ಬಾಗಿಲಲ್ಲಿ ಸ್ಕೂಟರ್ ನಿಂತಿರೋ ಹಾಗೆ ನಮ್ಮ ಅಂಗಳದಲ್ಲಿ ಅದು ನಿಂತಿರುತ್ತೆ, ರೆಕ್ಕೆ ನೆರಳಲ್ಲಿ ಕೂತು ಅವರೆಕಾಯಿ ಸುಲೀತೀವಿ. ಮೈಯೆಲ್ಲ ಕಾರ್ಬನ್ ನಾರಿನ ಬಟ್ಟೆ, ಅಂಟು ಬಳಿದು ಗಟ್ಟಿ ಮಾಡಿದ್ದು. ಹಗುರ, ಬಲವೂ ಇದೆ. ಆದರೆ ಒಳಗಿಟ್ಟ ಆಂಟೆನಾದ ದನೀನ ತಗಡಿನ ಡಬ್ಬಿ ಥರ ನುಂಗಿಬಿಡುತ್ತೆ.

ಮೊದಲ ಹಾರಾಟಕ್ಕೆ ಮುಂಚೆ ನಮ್ಮಲ್ಲಿ ಓಗೊಡೋ ಶಾಸ್ತ್ರ. ತಾಯಿ ಅಡುಗೆಮನೆ ರೇಡಿಯೋದಿಂದ ಹೆಸರು ಹಿಡಿದು ಕೂಗಬೇಕು, ವಿಮಾನದಲ್ಲಿ ಕೂತೋರು "ಓ" ಅನ್ನಬೇಕು. ನನ್ನ ಮಗಳು ವಾರಿಜಾನೂ "ಓ" ಅಂದಳು, ಸೊಗಸಾಗಿ ಕೇಳಿಸ್ತು. ಹೊಸ ಬಣ್ಣಕ್ಕೆ ತೂತು ಬೇಡ ಅಂತ ಆಂಟೆನಾನ ಒಳಗೇ ಅಂಟಿಸಿದ್ದಳು. ಅಂಗಳದಿಂದ ಅಡುಗೆಮನೆಗೆ ಎಂಥಾ ಆಂಟೆನಾನೂ ಮಾತಾಡುತ್ತೆ, ಅದು ಯಾರಿಗೂ ಹೊಳೀಲಿಲ್ಲ.

ಮೇಲೆ ಹೋದಳು, ದನಿ ನಿಂತೇಹೋಯ್ತು. ನನ್ನ ಹೆಂಡತಿ ಸುಕನ್ಯಾ ಕೂಗ್ತಾನೇ ಇದ್ದಳು. ವಾರಿಜಾ ಇಳಿಯೋ ಹೊತ್ತಿಗೇ ಎದುರಿಂದ ಇನ್ನೊಂದು ಮನೆರೆಕ್ಕೆ ಇಳೀತಿತ್ತು. ನಾನು ಹೆಗಲ ಟವಲ್ ಬೀಸ್ತಾ ಬಯಲಲ್ಲಿ ಓಡಿದೆ. ನೋಡಿ ವಿಮಾನಾನ ಮತ್ತೆ ಮೇಲೆತ್ತಿದಳು, ಬದುಕಿದ್ವಿ. ಇಳಿದವಳೇ, "ಏನಪ್ಪಾ, ಅಷ್ಟು ಕೂಗಿದ್ರೂ ಕಿವುಡರ ಹಾಗೆ ಕೂತಿದ್ರಾ?" ಅಂತ ನನಗೇ ದಬಾಯಿಸಿದಳು.

ಆಮೇಲೆ ವಿಮಾನದ ಹೊಟ್ಟೆಗೆ ತೂತು ಕೊರೆದು ಆಂಟೆನಾದ ಎರಡಡಿ ಸರಳು ಹೊರಗೆ ನಿಲ್ಲಿಸಿದ್ವಿ, ದನಿ ದೂರ ಹೋಗಲಿ ಅಂತ ಅದರ ಬುಡಕ್ಕೆ ಒಳಗಡೆ ತಾಮ್ರದ ಹಾಳೆ.

"ಥೂ, ಎಮ್ಮೆಗೆ ಹೊಟ್ಟೇಲಿ ಕೊಂಬು ಬಂದಂಗಿದೆ," ಅಂದಳು ವಾರಿಜಾ.

"ಇರಲಿ ಕಣಮ್ಮ, ನಿನ್ನ ದನಿ ಬರಲಿ."

ಈಗ ಮತ್ತೆ ಹಾರಿದಾಳೆ, ಗುಡ್ಡದ ಆಚೆಗೆ. ಸುಕನ್ಯಾ ಆಗಲೇ ಕೂಗಿದಳು, ಓ ಬಂದಿಲ್ಲ. ಸುಮ್ಮನೆ ಕೂರೋಕಾಗದೆ ನಿಮ್ಮ ಹತ್ರ ಮಾತಾಡ್ತಿದೀನಿ. ಒಂದು ಕೇಳ್ಕೋತೀನಿ: ಅಂಗಳದಲ್ಲಿ ಕೇಳಿಸ್ತು ಅಂತ ನಂಬಬೇಡಿ. ಹಾರೋಕೆ ಮುಂಚೆ ಬಯಲಿನ ಆ ತುದೀಗೆ ತಳ್ಳಿಕೊಂಡು ಹೋಗಿ, ಎಲ್ಲಾ ದಿಕ್ಕಿಗೂ ತಿರುಗಿಸಿ ಕೂಗಿ ನೋಡಿ. ಚಂದ ನೋಡೋರು ನೋಡಿ ಹೋಗ್ತಾರೆ, ರೇಡಿಯೋ ಮುಂದೆ ಕೂರೋರು ಮನೆಯೋರೇ...

ತಾಳಿ, ತಾಳಿ.

"ಓ! ಅಮ್ಮಾ, ಓ! ಅಪ್ಪ ಎಲ್ಲಿ? ಎಮ್ಮೆ ಮಾತಾಡ್ತಿದೆ ಅಂತ ಹೇಳು, ಕರಿ ಅವರನ್ನ!"

ಬಂದೆ ಕಣೇ, ಬಂದೆ! ಇಡ್ತೀನಿ ಕಣ್ರೀ.