ಇಲ್ಲಿ ಅದಿರು ಇಲ್ಲ

ಬಿರುಕು ವರ್ಷ ಹನ್ನೊಂದು, ಎಳ್ಳಿನ ತಿಂಗಳು, ನಲವತ್ತನೇ ತಾರೀಖು

ಬೋರ್ಡು ಬರೆದ ಹಿರಿಯರಿಗೆ,

ನಿಮ್ಮ ಲೆಕ್ಕದಲ್ಲಿ ನಾನು ಹುಟ್ಟಲು ಇನ್ನೂ ಮುನ್ನೂರು ವರ್ಷ ಇದೆ. ನಾಲ್ಕನೇ ಇಯತ್ತೆಯವರೆಗೆ ಓದಿದವಳು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಒಂದು ಮಾತಿಗೆ ನಿಮ್ಮ ಅರ್ಥವೇ ಬೇರೆ, ನಮ್ಮದೇ ಬೇರೆ ಆದದ್ದರಿಂದಲೇ ಈ ಪತ್ರ.

ನಮ್ಮಲ್ಲಿ ಅದಿರು ಎಂದರೆ ನೆಲದ ನಡುಕ. ಬೇರೆ ಅರ್ಥ ಯಾರಿಗೂ ಗೊತ್ತಿಲ್ಲ. ನಡುಗುವ ಬಯಲನ್ನು ಬಿಟ್ಟು ಬಂದ ನಮ್ಮ ಹಿಂದಿನವರಿಗೆ ಈ ದಿಬ್ಬದ ಮೇಲೆ ನಿಮ್ಮ ತಗಡಿನ ಬೋರ್ಡು ಕಂಡಿತಂತೆ: "ಇಲ್ಲಿ ಅದಿರು ಇಲ್ಲ." ಅವರು ಅದಕ್ಕೆ ಕುಂಕುಮ ಹಚ್ಚಿ, ಸುತ್ತಲೂ ಮನೆ ಕಟ್ಟಿದರು. ಹನ್ನೊಂದು ವರ್ಷದ ಹಿಂದೆ ಮೊದಲ ಬಿರುಕು ಬಿಟ್ಟಿತು. ಈಗ ಬೆಳಿಗ್ಗೆ ಎದ್ದವರು ಮೊದಲು ಕಿವಿಗೂಟಕ್ಕೆ ಕಿವಿ ಕೊಡುತ್ತೇವೆ. ಕಿವಿಗೂಟವೆಂದರೆ ಒಲೆಯ ಪಕ್ಕ ನೆಲಕ್ಕೆ ಹೊಡೆದ ಕಬ್ಬಿಣದ ಸರಳು. ಅದು ಗುಂಯ್ ಎಂದರೆ ಒಲೆ ಹಚ್ಚುವುದಿಲ್ಲ. ಮಕ್ಕಳನ್ನು ಎತ್ತಿಕೊಂಡು ಹೊರಗೆ ಕೂರುತ್ತೇವೆ. ಗೋಡೆಗಳನ್ನು ಹಗ್ಗದಿಂದ ಹೆಣೆಯುತ್ತೇವೆ, ಬಿದ್ದರೂ ಮೈಮೇಲೆ ಭಾರವಾಗಬಾರದೆಂದು.

ಹೋದ ತಿಂಗಳು ಶಾಲೆಯ ಹಳೆಯ ಪೆಟ್ಟಿಗೆಯಲ್ಲಿ ಅರ್ಧ ಹರಿದ ನಿಘಂಟು ಸಿಕ್ಕಿತು. ಅದಿರು: ನಡುಗು. ಅದರ ಕೆಳಗೇ ಮತ್ತೊಂದು ಅದಿರು: ಲೋಹವಿರುವ ಕಲ್ಲು, ಗಣಿಯಿಂದ ತೆಗೆಯುವುದು. ಬಂಡೆ ಸಿಡಿಸುವಾಗ ನೆಲ ನಡುಗಿ ಕಲ್ಲಿಗೆ ಆ ಹೆಸರು ಬಂತೋ, ಇಲ್ಲ ಎರಡು ಮಾತು ಸುಮ್ಮನೆ ಒಂದೇ ಮುಖ ಹೊತ್ತು ಹುಟ್ಟಿದವೋ, ಪುಸ್ತಕ ಹೇಳಲಿಲ್ಲ. ಹೋಗಿ ಬೋರ್ಡನ್ನು ಮತ್ತೊಮ್ಮೆ ಓದಿದೆ. ನೀವು ಬರೆದದ್ದು, ಇಲ್ಲಿ ಗಣಿ ಅಗೆದು ಕಲ್ಲೆಲ್ಲ ತೆಗೆದಾಯಿತು, ಇನ್ನು ಉಳಿದಿಲ್ಲ ಎಂದು. ನಾವು ಟೊಳ್ಳಿನ ಮೇಲೆ ಮಲಗಿದ್ದೇವೆ.

ನನ್ನ ಅಕ್ಕ ಯಂಕಮ್ಮ ಹೆತ್ತು ಒಂಬತ್ತು ದಿನ. ಬಿರುಕು ಅವಳ ಹೊಸ್ತಿಲಿಗೆ ಬಂದಿದೆ. ನಾಲ್ಕು ಜನರೆದುರು ಬಾಯಿ ಬಾರದ ನಾನು, ಹೇಗೋ ಹೇಳಿಬಿಟ್ಟೆ. ಊರಿಗೆ ಹಿರಿಯಳಾದ ಹುಲಿಗೆವ್ವ ನಕ್ಕಳು: "ಬೋರ್ಡು ಸುಳ್ಳು ಹೇಳತೈತೇನ? ನಾಕನೇತ್ತ ಓದಿದಾಕಿ, ನೀ ಅದನ್ನ ತಿದ್ದಾಕಿ ಆದೇನ?"

ಅಕ್ಕನೂ ಏಳಲಿಲ್ಲ. "ಹಸಿ ಬಾಣಂತಿ ಎಲ್ಲಿಗೆ ಹೋಗ್ಲಿ ತಂಗೀ? ಬೋರ್ಡಿನ ನೆಳ್ಳಾಗ ಇರ್ತೀನಿ," ಅಂದಳು. ಇವತ್ತು ತೊಟ್ಟಿಲನ್ನು ಬೋರ್ಡಿನ ಕಂಬಕ್ಕೇ ಕಟ್ಟಿದ್ದಾಳೆ.

ಬೋರ್ಡು ಸುಳ್ಳು ಹೇಳಿಲ್ಲ, ಅದೇ ನನ್ನ ಸಂಕಟ. ಬಣ್ಣದ ಡಬ್ಬಿ ಮುಚ್ಚುವ ಮುಂಚೆ ಇನ್ನೊಂದು ಸಾಲು ಬರೆಯಿರಿ: "ಕೆಳಗೆ ಟೊಳ್ಳು." ನೀವು ಬರೆದರೆ ನಮ್ಮವರು ಇಲ್ಲಿ ನಿಲ್ಲುವುದಿಲ್ಲ, ನಾನು ಹುಟ್ಟುವುದೂ ಇಲ್ಲವೇನೋ. ಅಡ್ಡಿಯಿಲ್ಲ.

ಇಷ್ಟು ಬರೆದು ಹೋಗಿ ನೋಡಿ ಬಂದೆ. ತೊಟ್ಟಿಲಲ್ಲಿ ಕೂಸು ಮಲಗಿದೆ. ಬೋರ್ಡಿನ ಮೇಲೆ ಇನ್ನೂ ಒಂದೇ ಸಾಲು ಇದೆ.

ಸಣ್ಣೆಮ್ಮ