ಸಿಪ್ರಿಯಾನ್ ಅವರ ಕಲ್ಲಿದ್ದಲಿನ ಸಂಗೀತ ಕಛೇರಿಗಳು

೧೪ ಅಕ್ಟೋಬರ್ ೧೯೯೫, ಶನಿವಾರ

ನಮ್ಮೂರಿನ ವಾದ್ಯವೃಂದಕ್ಕೆ ಐವತ್ತು ತುಂಬಿತೆಂದು ಇವತ್ತು ಸ್ಮರಣ ಸಂಚಿಕೆ ಹಂಚಿದರು. ಅದರಲ್ಲಿ ಕತೆ ಶುರುವಾಗುವುದೇ ವಿಸ್ತುಲಾ ನದಿಯ ದಡದಲ್ಲಿ ಹೊಸ ಸಭಾಂಗಣ ಕಟ್ಟಿದಲ್ಲಿಂದ! ಯುದ್ಧ ಮುಗಿದ ಚಳಿಗಾಲದಲ್ಲಿ ವೃಂದ ಕಟ್ಟಿದ ಸಿಪ್ರಿಯಾನ್ ಅವರು ಹದಿನೆಂಟು ವಾದಕರನ್ನು ಕೂಡಿಸಿ ಮುರುಕು ಸಿನಿಮಾ ಮಂದಿರದಲ್ಲಿ ನುಡಿಸಿದ್ದು ಎಲ್ಲಿ ಹೋಯಿತು? ಆಗ ಟಿಕೆಟ್ ಇರಲಿಲ್ಲ. ಕೇಳಲು ಬಂದವರು ಚಳಿ ಕಾಯಿಸುವ ಒಲೆಗೆ ತಲೆಗೊಂದು ಕಲ್ಲಿದ್ದಲಿನ ತುಂಡು ತರಬೇಕಿತ್ತು. ನಾನೂ ಕೈಚೀಲದಲ್ಲಿ ಒಯ್ದವಳೇ.

ವೃಂದದ ಈಗಿನ ನಿರ್ದೇಶಕ ವಿಟೋಲ್ಡ್‌ನನ್ನು ಕೇಳಿದೆ. "ಪುಟ ಸಾಲಲಿಲ್ಲ ಮೇಡಂ," ಅಂದ.

"ನಿನ್ನ ಫೋಟೋಗಳಿಗೆ ಮಾತ್ರ ನಾಲ್ಕು ಪುಟ ಸಾಲಿತೇನಪ್ಪಾ?"

ನಕ್ಕು ಅತ್ತ ಹೋದ.

ಸಂಜೆ ಸಿಪ್ರಿಯಾನ್ ಅವರ ಹೆಂಡತಿ ಅಪೊಲೋನಿಯಾ ಮನೆಗೆ ಹೋದೆ. ಅವರಿಗೀಗ ಕಣ್ಣು ಕಾಣುವುದಿಲ್ಲ. ಸಂಚಿಕೆ ಸವರಿ, "ಎಷ್ಟು ದಪ್ಪ ಇದೆಯೇ! ನಮ್ಮವರದ್ದು ಓದು," ಅಂದರು. ವಿಟೋಲ್ಡ್‌ನ ಫೋಟೋ ನೋಡುತ್ತಲೇ ಒಲೆ, ಕಲ್ಲಿದ್ದಲು, ಸಿಪ್ರಿಯಾನ್ ಎಲ್ಲವನ್ನೂ 'ಓದಿದೆ'.

"ಚೆನ್ನಾಗಿ ಬರೆದಿದ್ದಾರೆ ಕಣೇ. ನಾಳೆ ಮಗಳು ಬರ್ತಾಳೆ, ಅವಳ ಕೈಲೂ ಓದಿಸ್ತೀನಿ."

ಅವಳು ಬರುವ ಮೊದಲೇ ಓದಿದ್ದನ್ನೆಲ್ಲ ಬರೆದು ಆ ಪುಟಗಳ ಮಧ್ಯೆ ಇಟ್ಟು ಬರಬೇಕು. ಕೈ ಸೋತಿದೆ. ಹದಿನೆಂಟರಲ್ಲಿ ಹನ್ನೊಂದು ಹೆಸರು ನೆನಪಾದವು. ಉಳಿದ ಏಳು ಜನರ ಹೆಸರು ಇನ್ನೂ ನೆನಪಾಗುತ್ತಿಲ್ಲ.